ಮೂರನೆಯ ಕೂಗು

ಹೆಮ್ಮರಗಾಲದ ಶಂಭುಲಿಂಗಪ್ಪನವರ ಕೇಸು ಕೆಟ್ಟದ್ದು ಒಂದು ದೊನ್ನೆ ಸಿಹಿಪೊಂಗಲಿನಿಂದ.

ಪಕ್ಕದ ಮನೆಯ ಕಲ್ಲಯ್ಯನಿಗೆ ಅವರು ಹನ್ನೆರಡು ಸಾವಿರ ಕೈಗಡ ಕೊಟ್ಟಿದ್ದರು. "ಪಾಪ, ಕೊಡಿ" ಎಂದವಳು ಹೆಂಡತಿ ಚಿಕ್ಕಬಸಮ್ಮ. ಆಮೇಲೆ ಆಕೆ ಶಿವನ ಪಾದ ಸೇರಿದಳು. ಕಲ್ಲಯ್ಯ ಮಾತ್ರ "ನಾಳೆ, ನಾಳಿದ್ದು" ಎನ್ನುತ್ತಲೇ ಉಳಿದ. ಆಕೆಯ ಸಮಾಧಿಗೊಂದು ಕಲ್ಲಿನ ಗದ್ದುಗೆ ಕಟ್ಟಿಸಬೇಕೆಂಬ ಆಸೆಯಿಂದಲೇ ಶಂಭುಲಿಂಗಪ್ಪ ನಂಜನಗೂಡಿನ ಕೋರ್ಟಿನಲ್ಲಿ ದಾವೆ ಹೂಡಿದ್ದು.

ತೊಂಬತ್ತೆಂಟರ ಮಾಘದ ಒಂದು ಸೋಮವಾರ ಅವರ ಹೇಳಿಕೆಯಿತ್ತು. "ಜವಾನ ಮೂರು ಸಲ ಕೂಗೋದ್ರೊಳಗೆ ಕಟಕಟೇಲಿ ಇರಬೇಕು. ಇಲ್ದಿದ್ರೆ ಕೇಸು ವಜಾ" ಎಂದು ವಕೀಲ ಬಸವಪ್ರಸಾದ್ ಎಚ್ಚರಿಸಿದ್ದರು.

ಊರಿಗಿದ್ದದ್ದು ಬೆಳಗಿನ ಒಂದೇ ಬಸ್ಸು. ವಾದಿ ಪ್ರತಿವಾದಿಗಳಿಬ್ಬರೂ ಒಂದು ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಂದೇ ಸೀಟಿನಲ್ಲಿ ಕೂತರು.

"ಏನಣ್ಣಾ, ಇಬ್ರೂ ಬೀಗರೂಟಕ್ಕೆ ಒಂಟಂಗದೆ?" ಎಂದಳು ಹಿಂದಿನ ಸೀಟಿನ ಚನ್ನಾಜಮ್ಮ.

"ಕೋರ್ಟಿಗೆ ಕಣಕ್ಕಾ" ಎಂದ ಕಲ್ಲಯ್ಯ. "ಅಣ್ಣ ನನ್ ಮ್ಯಾಲೆ ಕೇಸಾಕವ್ರೆ. ವಯಸ್ಸಾದೋರು, ಒಬ್ರನ್ನೇ ಕಳ್ಸಕ್ಕಾಯ್ತದಾ?"

ಶಂಭುಲಿಂಗಪ್ಪ ಕಪಿಲೆಯಲ್ಲಿ ಮಿಂದು, ನಂಜುಂಡೇಶ್ವರನಿಗೆ ಕೈಮುಗಿದು, ಸೋಮವಾರದ ಬರಿಹೊಟ್ಟೆಯಲ್ಲೇ ಕೋರ್ಟಿನ ಹೊಂಗೆಮರದಡಿ ಕೂತರು. ಅಲ್ಲಿಗೆ ಕಲ್ಲಯ್ಯ ಎರಡು ದೊನ್ನೆ ಹಿಡಿದು ಬಂದ.

"ಕೇಸು ಮುಗಿಯೋಗಂಟ ನಿನ್ ಕೈಯಿಂದ ಏನೂ ಮುಟ್ಟಲ್ಲ ಓಗಯ್ಯ."

"ಕೈ ನಂದು, ಪೊಂಗಲು ನಂಜುಂಡಪ್ಪಂದು ಕಣಣ್ಣ. ಅವನ ಮ್ಯಾಲೂ ಕೇಸಾಕಿದ್ದೀರಾ?"

ಪ್ರಸಾದವನ್ನು ಬೇಡವೆನ್ನುವುದುಂಟೆ? ಕಣ್ಣಿಗೊತ್ತಿಕೊಂಡು ತಿಂದರು. ತುಪ್ಪ ಹೊಟ್ಟೆಗಿಳಿಯಿತು. ಹೊಳೆಯ ಗಾಳಿ ರೆಪ್ಪೆಯ ಮೇಲೆ ಬಂದು ಕೂತಿತು.

ನೋಡುತ್ತಾರೆ, ಕಪಿಲೆಯ ನೀರೇ ಕೋರ್ಟಿನ ನೆಲವಾಗಿದೆ. ಜವಾನನ ಕೆಂಪು ಪಟ್ಟಿ ತೊಟ್ಟ ನಂದಿ ಬಾಗಿಲಲ್ಲಿ ನಿಂತು, "ಶಂಭುಲಿಂಗಪ್ಪಾ..." ಎಂದು ಕೂಗುತ್ತಿದ್ದಾನೆ. ಪೀಠದ ಮೇಲೆ ನೀಲಕಂಠನೇ ಕುಳಿತಿದ್ದಾನೆ. ಪೀಠದ ಕೆಳಗೆ ಚಿಕ್ಕಬಸಮ್ಮ ಕಣಗಿಲೆ ಹೂವು ಕಟ್ಟುತ್ತಿದ್ದಾಳೆ.

"ಸಾಲ ಕೊಟ್ಟದ್ದು ನಿಜವೇ?"

"ನಿಜ ಸ್ವಾಮಿ. ನುಂಗಿಬಿಟ್ಟ."

"ನಾನೂ ಒಮ್ಮೆ ನುಂಗಿದೆ. ಇವತ್ತಿನವರೆಗೆ ಯಾರೂ ವಾಪಸು ಕೇಳಿಲ್ಲ."

ಗಣಗಳೆಲ್ಲ ನಕ್ಕವು. ನಂದಿ ಮತ್ತೆ ಕೂಗಿದ. ಮತ್ತೂ ಒಮ್ಮೆ ಕೂಗಿದ. ಚಿಕ್ಕಬಸಮ್ಮ ಹೂವು ಕೆಳಗಿಟ್ಟು, ಏನೋ ಹೇಳಲು ಬಾಯಿ ತೆರೆದಳು. ಶಂಭುಲಿಂಗಪ್ಪ ಕಿವಿಗೊಟ್ಟು ಬಾಗಿದರು...

"ರೀ, ಶಂಭುಲಿಂಗಪ್ಪನೋರೇ!" ವಕೀಲರು ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. "ಊರೆಲ್ಲಾ ಹುಡುಕಿದೆ. ಮೂರು ಸಲ ಕೂಗಿಸಿ ವಜಾ ಮಾಡಿದ್ರು!"

"ಅವಳೇನೋ ಹೇಳ್ತಿದ್ಲು" ಎಂದರು ಶಂಭುಲಿಂಗಪ್ಪ.

ಮರದ ಆ ಮಗ್ಗುಲಿನಿಂದ ಕಲ್ಲಯ್ಯನೂ ಆಕಳಿಸುತ್ತ ಎದ್ದ.

ವಕೀಲರು ಹಣೆ ಚಚ್ಚಿಕೊಂಡರು. "ಕೇಸು ಮತ್ತೆ ಎತ್ತಿಸಬೇಕಾದ್ರೆ ಹೊಸ ಅರ್ಜಿ, ಹೊಸ ಫೀಸು. ನೀವು ಸುಸ್ತಾಗಿ ಒರಗಿದ್ದನ್ನ ಕಂಡ ಸಾಕ್ಷೀನೂ ಬೇಕು."

"ಸಾಕ್ಷಿ ನಾನೇ ಏಳ್ತೀನಿ ಬುಡಿ ಸಾ" ಎಂದ ಕಲ್ಲಯ್ಯ. "ಅಣ್ಣ ಒರಗಿದ್ದ ಕಣ್ಣಾರೆ ಕಂಡಿವ್ನಿ. ಆಮ್ಯಾಲೇ ನಾ ಮಲಗಿದ್ದು."

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅವನು ತಲೆ ಕೆರೆದುಕೊಂಡ. "ಅಣ್ಣಾ, ಸಾಕ್ಷಿಗೆ ಬರಾಕೆ ಬಸ್ ಚಾರ್ಜು ಬೇಕಲ್ಲ... ಐವತ್ತು ರೂಪಾಯಿ ಕೈಗಡ ಕೊಡಿ. ಆ ಹನ್ನೆರಡು ಸಾವಿರದ ಜತೆಗೇ ಸೇರ್ಸ್ಕಳಿ."

ಶಂಭುಲಿಂಗಪ್ಪ ಬಯ್ಯಲೆಂದೇ ಬಾಯಿ ತೆರೆದರು. ಆಗ ಕಪಿಲೆಯ ಕಡೆಯಿಂದ ತಣ್ಣನೆ ಗಾಳಿ ಬೀಸಿತು. ಕನಸಿನಲ್ಲಿ ಕೇಳದೆ ಹೋದ ಮಾತು ಈಗ ಕಿವಿಯ ಪಕ್ಕದಲ್ಲೇ ಕೇಳಿಸಿತು.

"ಪಾಪ, ಕೊಡಿ."

ಕೈ ತಾನಾಗಿಯೇ ಜೇಬಿಗೆ ಹೋಯಿತು.