ಸ್ವಂತ ಹಾಡು, ಹಿಂಡಿ ಸಮೇತ

ಮದುವೆ ಮನೆಯಲ್ಲಿ ಐಸ್‌ಕ್ರೀಮ್ ಕಪ್ ಹಿಡಿದು ನಿಂತವರನ್ನು ಕಂಡರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಕಾರಣ ಹೇಳುತ್ತೇನೆ, ತಪ್ಪು ಯಾರದೆಂದು ನೀವೇ ತೀರ್ಮಾನ ಮಾಡಿ.

ನಾನು ಓಂಕಾರಮೂರ್ತಿ. ಗೋಣಿಬೀಡಿನ ಹತ್ತಿರ ಕಾಫಿ ಗಿಡದ ನರ್ಸರಿ ಇಟ್ಟುಕೊಂಡಿದ್ದೇನೆ. ಅದು ಹೊಟ್ಟೆಪಾಡು. ಆತ್ಮದ ಪಾಡಿಗೆ ಹಾಡು. ಇಪ್ಪತ್ತೆರಡು ವರ್ಷದಿಂದ ನಮ್ಮ ಆರ್ಕೆಸ್ಟ್ರಾದಲ್ಲಿ ಹಳೇ ಸಿನಿಮಾ ಗೀತೆಗಳನ್ನು ಹಾಡಿ ಹಾಡಿ ಮೂಡಿಗೆರೆ ತಾಲ್ಲೂಕಿನ ಅರ್ಧ ಜನರ ಮದುವೆ ನಡೆಸಿಕೊಟ್ಟಿದ್ದೇನೆ. (ಅವರಲ್ಲಿ ಕೆಲವರು ಎದುರಿಗೆ ಸಿಕ್ಕರೆ ಈಗಲೂ ಮುಖ ತಿರುಗಿಸುತ್ತಾರೆ. ಅದು ಮದುವೆಯ ತಪ್ಪು, ಹಾಡಿನದಲ್ಲ.)

ಕಳೆದ ತಿಂಗಳು ಮೂಡಿಗೆರೆಯಲ್ಲೊಂದು ರಿಸೆಪ್ಷನ್. ಹಾಡು ಮುಗಿಸಿ ನೀರು ಕುಡಿಯುತ್ತಿದ್ದೆ. ಬಿಳಿ ಪಂಚೆಯ ಹಿರಿಯರೊಬ್ಬರು ಐಸ್‌ಕ್ರೀಮ್ ಚಪ್ಪರಿಸುತ್ತಾ ಸ್ಟೇಜಿನ ಹತ್ತಿರ ಬಂದರು.

"ಬಹಳ ಚೆನ್ನಾಗಿ ಹಾಡ್ತೀರಿ ಕಣ್ರೀ. ಕಣ್ಣು ಮುಚ್ಕೊಂಡ್ರೆ ಥೇಟ್ ಸಿನಿಮಾದಲ್ಲಿ ಹಾಡ್ದಂಗೇ ಇರ್ತದೆ. ಅದ್ಕೇ ನಾನು ಕಣ್ಣು ಮುಚ್ಕೊಂಡೇ ಕೂತಿದ್ದೆ."

ನಾನು ಕೈಮುಗಿದೆ.

"ಈಗ ನಿಮ್ದೇ ಒಂದು ಹಾಡಿ, ಕೇಳಣ."

"ನಮ್ದು ಅಂದ್ರೆ?"

"ನಿಮ್ದೇ ರೀ, ನೀವೇ ಕಟ್ಟಿದ್ದು. ಇಷ್ಟು ವರ್ಷಕ್ಕೆ ಒಂದೂ ಇಲ್ವಾ?" ಎಂದವರು, ಸಾವಿನ ಮನೆಗೆ ಬಂದವರಂತೆ ನನ್ನ ಮುಖ ನೋಡಿ, ಇನ್ನೊಂದು ಕಪ್ ತರಲು ಹೊರಟರು.

ನನಗೆ ತಡೆಯಲಾಗಲಿಲ್ಲ. ಅವಮಾನದಿಂದ ಕಿವಿ ಬಿಸಿಯಾಗಿತ್ತು. "ಇವತ್ತಿಂದ ಈ ಓಂಕಾರಮೂರ್ತಿ ಇನ್ನೊಬ್ಬರ ಹಾಡು ಮುಟ್ಟಿದ್ರೆ ಕೇಳಿ! ಮುಂದಿನ ಪ್ರೋಗ್ರಾಮಲ್ಲಿ ಹಾಡಿದ್ರೆ ನನ್ನ ಸ್ವಂತ ಹಾಡು, ಇಲ್ದಿದ್ರೆ ಮೈಕ್ ಹಿಡಿಯೋದೇ ಇಲ್ಲ!" ಎಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ.

ಕೀಬೋರ್ಡಿನ ನಾಗೇಶ ಮೆಲ್ಲಗೆ, "ಅಣ್ಣಾ, ಮೈಕ್ ಆನ್ ಇತ್ತು. ಎಲ್ರೂ ಕೇಳಿಸ್ಕೊಂಡ್ರು" ಎಂದ.

ಮುಂದಿನ ಪ್ರೋಗ್ರಾಂ ಎಲ್ಲಿ ಗೊತ್ತೇ? ಮೂರು ವಾರಕ್ಕೆ, ಬಾಳೂರಿನಲ್ಲಿ, ನನ್ನ ಹೆಂಡತಿಯ ತವರುಮನೆಯ ಅಂಗಳದಲ್ಲಿ. ಅವಳ ಅಣ್ಣನ ಮಗಳು ಸೌಂದರ್ಯಳ ರಿಸೆಪ್ಷನ್. ಅಲ್ಲಿ ಮಾತು ತಪ್ಪಿದರೆ ಮಾವನ ಮನೆಯವರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ಮನೆಗೆ ಬಂದವನೇ ಘೋಷಿಸಿದೆ. "ಮಂಗಳಾ, ಇನ್ಮೇಲೆ ನಮ್ಮನೇಲಿ ಕವರ್ ಬಂದ್!"

ನನ್ನ ಧರ್ಮಪತ್ನಿ ಸರ್ವಮಂಗಳಾ ಸೌಟು ಹಿಡಿದೇ ಹೊರಗೆ ಬಂದಳು. "ಅಯ್ಯೋ, ನಿಮಗೇನು ತಲೆ ಕೆಟ್ಟಿದ್ಯಾ? ಹತ್ತು ಸಾವಿರ ಕವರಿಗೆ ಮಣ್ಣು ತುಂಬ್ಸಿ ಆಗಿದೆ. ಸಸಿ ಎಲ್ಲಿ ನೆಡ್ತೀರಿ, ತಲೆ ಮೇಲಾ?"

(ನಮ್ಮ ಕಸುಬಿನಲ್ಲಿ ಕವರ್ ಎಂದರೆ ಕಾಫಿ ಸಸಿ ಬೆಳೆಸುವ ಕರಿ ಪ್ಲಾಸ್ಟಿಕ್ ಚೀಲ.)

ಮಗಳು ತನುಜಾ ಮೊಬೈಲಿನಿಂದ ತಲೆಯೆತ್ತದೆ ಬಿಡಿಸಿ ಹೇಳಿದಳು. "ಆ ಕವರಲ್ಲಮ್ಮಾ. ಬೇರೆಯವರ ಹಾಡು ಹಾಡಿದ್ರೆ ಅದಕ್ಕೆ ಕವರ್ ಅಂತಾರೆ. ಅಪ್ಪ ಇನ್ಮೇಲೆ ಒರಿಜಿನಲ್ ಅಂತೆ."

"ಅದ್ರಲ್ಲಿ ತಪ್ಪೇನಿದೆ? ನಿಮ್ಮ ನರ್ಸರಿ ಬೀಜ ಯಾರ್ದು, ನಿಮ್ದಾ? ಹೊರಗಿಂದ ತಂದಿದ್ದು. ಮಣ್ಣು ಗುಡ್ಡದ್ದು, ಗೊಬ್ಬರ ನಮ್ಮ ಗಂಗೆದು. ಕವರ್ ಒಂದೇ ನಿಮ್ದು. ಆದ್ರೂ ಜನ ತಗೊಂಡು ಹೋಗಿ ನೆಡಲ್ವಾ? ಈ ಕಾಫಿನೇ ಬೇರೆ ದೇಶದಿಂದ ಬಂದಿದ್ದಂತೆ. ಹಂಗಾರೆ ಚಿಕ್ಕಮಗಳೂರಿಗೆ ಚಿಕ್ಕಮಗಳೂರೇ ಕವರ್ರು!"

ಗಂಗೆ ಎಂದರೆ ನಮ್ಮ ಮನೆಯ ಹಸು. ಬಾಳೂರಿನ ತವರಿನಿಂದ ಮಂಗಳಾ ಜೊತೆ ಬಂದ ಹಸುವಿನ ಮೊಮ್ಮಗಳು, ಅಜ್ಜಿಯ ಹೆಸರೇ ಇವಳಿಗೂ. ಆ ಮನೆಯಿಂದ ಬಂದವರ್ಯಾರೂ ನನ್ನ ಮಾತು ಕೇಳಿದ್ದಿಲ್ಲ.

"ಸೃಷ್ಟಿಯ ಸಂಕಟ ನಿನಗೆಲ್ಲಿ ಅರ್ಥ ಆಗ್ಬೇಕು!" ಎಂದೆ.

"ಸೃಷ್ಟಿಯ ಸಂಕಟವಾ?" ಎಂದು ಸೌಟನ್ನು ತನುಜಾಳ ಕಡೆ ತೋರಿಸಿದಳು. "ಇವಳನ್ನ ಹೆತ್ತಿದ್ದು ಯಾರು, ನೀವಾ?"

ಅಂದಿನಿಂದ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಸಸಿಗಳ ಸಾಲಿನ ನಡುವೆ ಬೆಳಗ್ಗಿನಿಂದ ಸಂಜೆಯವರೆಗೆ ಗುಂಯ್‌ಗುಡುತ್ತಾ ಓಡಾಡಿದೆ. ಬಾಯಿಗೆ ಒಂದು ರಾಗ ಬಂದ ಕೂಡಲೇ ನಾಗೇಶನಿಗೆ ಫೋನು. ಮೂಡಿಗೆರೆಯ ತನ್ನ ಮೊಬೈಲ್ ಅಂಗಡಿಯಲ್ಲಿ ಕೂತು ಅವನು ತೀರ್ಪು ಕೊಡುತ್ತಿದ್ದ.

"ಇದು ಟೂತ್‌ಪೇಸ್ಟ್ ಜಾಹೀರಾತಿಂದು ಅಣ್ಣಾ."

ಇನ್ನೊಂದು ಹಾಡಿದೆ.

"ಇದು ಪಂಚಾಯ್ತಿ ಕಸದ ಗಾಡಿದು. ಮಾರಾಯ, ನೀನು ಹಾಡಿದ್ದು ಕೇಳಿ ಪಕ್ಕದ ಅಂಗಡಿಯವ್ರು ಬಕೆಟ್ ತಗೊಂಡು ಹೊರಗೆ ಬಂದ್ರು!"

ಹತ್ತು ದಿನ ಕಳೆಯಿತು. ಊಟ ರುಚಿಸಲಿಲ್ಲ. (ಮೂರೇ ಅಕ್ಕಿರೊಟ್ಟಿಗೆ ಸಾಕಾಗುತ್ತಿತ್ತು.) ನಿಜ ಹೇಳಬೇಕೆಂದರೆ ಹೆದರಿಕೆ ಹುಟ್ಟಿತ್ತು. ಇಪ್ಪತ್ತೆರಡು ವರ್ಷ ಹಾಡಿಯೂ ನನ್ನೊಳಗೆ ನನ್ನದೇ ಎನ್ನುವುದು ಒಂದು ಸಾಲೂ ಇಲ್ಲವೇ ಎಂದು ದುಃಖವಾಗುತ್ತಿತ್ತು.

ಹನ್ನೊಂದನೆಯ ದಿನ ಬೆಳಗ್ಗೆ ಮಂಗಳಾ ಕೊಟ್ಟಿಗೆಯಲ್ಲಿದ್ದಳು. ನಾನು ಕವರಿಗೆ ಮಣ್ಣು ತುಂಬುತ್ತಿದ್ದೆ. ಅದೆಲ್ಲಿಂದಲೋ, ಆಕಾಶದಿಂದಲೇ ಇಳಿದಂತೆ, ಒಂದು ರಾಗ ತುಟಿಗೆ ಬಂತು. ಹಿಂದೆಯೇ ಪದವೂ ಬಂತು:

ಬೆಟ್ಟದ ಮೋಡವೇ ಬಾರೆ ಇತ್ತ
ಬಿಂಕವ ಬಿಟ್ಟು ನೀ ಬಾರೆ ಇತ್ತ

ಎದ್ದು ನಿಂತು ಗಟ್ಟಿಯಾಗಿ ಹಾಡಿದೆ. ಎರಡನೇ ಸಾಲಿಗೆ ಬೇಲಿ ಪರಪರ ಎಂದಿತು. ಗಂಗೆ! ಕಿವಿ ನಿಗುರಿಸಿಕೊಂಡು ಓಡಿ ಬಂದು ನನ್ನೆದುರು ನಿಂತಳು. ಮುಖವನ್ನೇ ನೋಡಿದಳು, ಕೈ ಮೂಸಿದಳು, ಆಮೇಲೆ ನಾಲ್ಕು ರೊಬಸ್ಟಾ ಸಸಿ ತಿಂದಳು. ಹಿಂದಿನವರು ಹಾಡಿ ದೀಪ ಹಚ್ಚಿದರಂತೆ, ಮಳೆ ತರಿಸಿದರಂತೆ. ನಾನು ಹಸು ತರಿಸಿದೆ ಎಂದು ಕಣ್ಣಲ್ಲಿ ನೀರು ಬಂತು.

"ಇದು ಎಲ್ಲೂ ಕೇಳಿಲ್ಲ ಅಣ್ಣಾ, ಪಕ್ಕಾ ಒರಿಜಿನಲ್" ಎಂದ ನಾಗೇಶ.

ಮಂಗಳಾಳನ್ನು ಕೂರಿಸಿ ಹಾಡಿ ತೋರಿಸಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಭಾವುಕಳಾದಳು ಎಂದುಕೊಂಡೆ.

"ಹೆಂಗಿದೆ?"

"ಚೆನ್ನಾಗಿದೆ ರೀ. ಇದನ್ನ ಬಾಳೂರಲ್ಲೇ ಹಾಡ್ಬೇಕಾ?"

"ಯಾಕೆ?"

"ಏನಿಲ್ಲ, ಹಾಡಿ. ನಮ್ಮನೆಯವ್ರಿಗೆ ಬಹಳ ಇಷ್ಟ ಆಗ್ತದೆ."

ಉಳಿದ ದಿನಗಳೆಲ್ಲ ಪ್ರಾಕ್ಟೀಸು. ಪ್ರತಿಸಲವೂ ಗಂಗೆ ಓಡಿ ಬರುವಳು, ಕೈ ಮೂಸುವಳು, ನಿಟ್ಟುಸಿರು ಬಿಟ್ಟು ಹೋಗುವಳು.

ಬಾಳೂರಿನ ಅಂಗಳದಲ್ಲಿ ಶಾಮಿಯಾನ ಕಟ್ಟಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ ಸರೋಜಮ್ಮನವರು ಕೂತಿದ್ದರು. ಅವರ ಪಕ್ಕದಲ್ಲಿ ಅದೇ ಬಿಳಿ ಪಂಚೆ, ಅದೇ ಐಸ್‌ಕ್ರೀಮ್ ಕಪ್! ಬೀಗರ ಕಡೆಯ ನೆಂಟರಂತೆ. ಒಳ್ಳೆಯದೇ ಆಯಿತು ಎಂದುಕೊಂಡು ಮೈಕ್ ಹಿಡಿದೆ.

"ಭೂಮಂಡಲದಲ್ಲಿ ಇದುವರೆಗೆ ಯಾರೂ ಕೇಳಿರದ ಹಾಡು. ರಾಗ, ಸಾಹಿತ್ಯ, ಗಾಯನ, ಎಲ್ಲವೂ ನಿಮ್ಮ ಓಂಕಾರಮೂರ್ತಿ!"

ಮೊದಲ ಸಾಲು ಹಾಡಿದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಸಾಲಿಗೆ ಹೆಂಗಸರು ಗುನುಗತೊಡಗಿದರು. ಮೂರನೇ ಸಾಲಿಗೆ ಅಂಗಳಕ್ಕೆ ಅಂಗಳವೇ ಚಪ್ಪಾಳೆ ತಟ್ಟಿ ನನ್ನ ಜೊತೆ ಹಾಡುತ್ತಿತ್ತು! ಹುಟ್ಟಿದ ಎರಡೇ ನಿಮಿಷಕ್ಕೆ ಜನರ ಬಾಯಿಗೆ ಬಿದ್ದ ಹಾಡು ಬೇರೆ ಯಾವುದಿದೆ ಹೇಳಿ? ನಡುವೆ 'ಹಿಂದಿ' ಎಂದು ಏನೋ ಕೇಳಿಸಿತು. ಆಗಲೇ ಹಿಂದಿಗೂ ಹೋಯಿತೇ ಎಂದು ಹಿಗ್ಗಿದೆ. ಕಿವಿಗೊಟ್ಟು ಕೇಳಿದರೆ ಅವರು ಹಾಡುತ್ತಿದ್ದದ್ದು:

ಗುಡ್ಡದ ಗಂಗೆಯೇ ಬಾರೆ ಇತ್ತ
ಹಿಂಡಿಯ ಕಲಸಿಟ್ಟೆ ಬಾರೆ ಇತ್ತ

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಮೂರು ಹಸು ಬಂದವು. ಒಂದರ ಕೊರಳಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಿತ್ತು ಬಂದ ಗೂಟ. ಒಂದು ಕಂಬಕ್ಕೆ ಕಟ್ಟಿದ್ದ ಬಾಳೆಕಂದಿಗೆ ಬಾಯಿ ಹಾಕಿತು, ಇನ್ನೊಂದು ಸ್ಟೇಜಿನ ಹೂವಿಗೆ. ಗೂಟದ್ದು ನೇರ ನನ್ನ ಹತ್ತಿರ ಬಂದು ಮೈಕ್ ನೆಕ್ಕಿತು.

ಸರೋಜಮ್ಮನವರು ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. "ಅಳಿಯಂದ್ರೇ, ಅದು ಮಂಗಳಾ ಆರನೇ ಕ್ಲಾಸಲ್ಲಿದ್ದಾಗ ದನ ಕರಿಯಾಕೆ ಕಟ್ಟಿದ ಹಾಡು. ಅದನ್ನ ಹಾಡ್ದೆ ಇದ್ರೆ ಈಗ್ಲೂ ನಮ್ಮನೆ ದನ ಕೊಟ್ಟಿಗೆಗೆ ಬರಲ್ಲ."

ಬಿಳಿ ಪಂಚೆಯವರು ಕಣ್ಣು ಬಿಟ್ಟರು. "ಬಹಳ ಚೆನ್ನಾಗಿ ಹಾಡಿದ್ರಿ ಕಣ್ರೀ. ಕಣ್ಣು ಮುಚ್ಕೊಂಡ್ರೆ ಥೇಟ್ ನಿಮ್ಮನೆಯವ್ರೇ ದನ ಕರೆದಂಗಿತ್ತು ಅಂತಾರೆ ಎಲ್ರೂ."

ವಾಪಸು ಬರುವಾಗ ಜೀಪಿನಲ್ಲಿ ಮಂಗಳಾಳ ಪಕ್ಕ ಕೂತೆ. ಕೇಳಿಯೇಬಿಟ್ಟೆ. "ಮೊದ್ಲೇ ಗೊತ್ತಿತ್ತಲ್ಲ, ಯಾಕೆ ಹೇಳ್ಲಿಲ್ಲ? ನನ್ನ ಮರ್ಯಾದೆ ಹೋಯ್ತಲ್ಲೇ."

ಮಂಗಳಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಹೇಳಿದಳು. "ಇಪ್ಪತ್ತೆರಡು ವರ್ಷ ಯಾರ್ಯಾರ್ದೋ ಹಾಡು ಹಾಡಿದ್ರಿ. ನಂದೂ ಒಂದು ನಿಮ್ಮ ಬಾಯಲ್ಲಿ ಕೇಳಣ ಅನ್ನಿಸ್ತು. ದಿನಾ ಎರಡು ಹೊತ್ತು ನಿಮ್ಮ ಕಿವಿ ಪಕ್ಕದಲ್ಲೇ ಹಾಡ್ತಿದ್ದೆ. ಒಂದು ದಿನವೂ ಯಾರ್ದು ಅಂತ ಕೇಳ್ಲಿಲ್ಲ ನೀವು."

ನನಗೆ ನಾಚಿಕೆಯಾಯಿತು.

ತನುಜಾ ಆ ವಿಡಿಯೋವನ್ನು ಹಸುಗಳ ಸಮೇತ ಯೂಟ್ಯೂಬಿಗೆ ಹಾಕಿದ್ದಾಳೆ. 'ಒರಿಜಿನಲ್: ಸರ್ವಮಂಗಳಾ. ಕವರ್: ಓಂಕಾರಮೂರ್ತಿ.' ಈಗ ಮದುವೆಯವರು ಫೋನ್ ಮಾಡಿ ಅದೇ ಹಾಡು ಬೇಕೆನ್ನುತ್ತಾರೆ. ಹಾಡಲು ಮಂಗಳಾಳ ಒಪ್ಪಿಗೆ ಬೇಕು. ಒಪ್ಪಿಗೆಗೆ ಅವಳ ಷರತ್ತು ಒಂದೇ: ದಿನಾ ಸಂಜೆ ಗಂಗೆಯನ್ನು ನಾನೇ ಕರೆದು ಕಟ್ಟಬೇಕು.

ಅದರಂತೆ ದಿನಾ ಬೇಲಿಯ ಹತ್ತಿರ ನಿಂತು ಪ್ರಾಣ ಹೋಗುವ ಹಾಗೆ ಹಾಡುತ್ತೇನೆ. ಆದರೆ ಪ್ರಾಕ್ಟೀಸಿನ ಹೆಸರಲ್ಲಿ ಹಿಂಡಿಯಿಲ್ಲದೆ ಕರೆದು ಕರೆದು ಮೋಸ ಮಾಡಿದ್ದನ್ನು ಗಂಗೆ ಮರೆತಿಲ್ಲ. ನನ್ನ ದನಿ ಕೇಳಿದರೆ ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಾಳೆ. ಕೊನೆಗೆ ಮಂಗಳಾ ಅಡುಗೆಮನೆಯ ಕಿಟಕಿಯಿಂದಲೇ ಅರ್ಧ ಸಾಲು ಹಾಡಬೇಕು. ಗಂಗೆಗೂ ಒರಿಜಿನಲ್ಲೇ ಬೇಕಂತೆ.