ಹವಳ ನೋಡಲು ಹೊರಟ ಕವಳ

ಕೊಪ್ಪದ ಅಡಿಕೆ ವ್ಯಾಪಾರಿ ವೃಷಭೇಂದ್ರಪ್ಪನವರು ತಮ್ಮ ಭೀಷ್ಮಪ್ರತಿಜ್ಞೆಯನ್ನು ಮಾಡಿದ್ದು ಬಾಳೆಹೊನ್ನೂರಿನ ನಾದಿನಿಯ ಮನೆಯಲ್ಲಿ, ಹೋಳಿಗೆ ಊಟ ಮುಗಿಸಿ ಕೈತೊಳೆದ ಮೇಲೆ. ಎದುರಿಗೆ ಬಂದ ಎಲೆಅಡಿಕೆ ತಟ್ಟೆಯನ್ನು ಎರಡೇ ಬೆರಳಿನಿಂದ ಹಿಂದಕ್ಕೆ ತಳ್ಳಿ, ಗಂಟಲು ಸರಿಮಾಡಿಕೊಂಡು, ನೆರೆದವರಿಗೆಲ್ಲ ಕೇಳುವಂತೆ ಘೋಷಿಸಿದರು.

"ಸಮುದ್ರದ ತಳದಲ್ಲಿ ಹವಳ ನೋಡೋವರೆಗೆ ಈ ಬಾಯಿಗೆ ಕವಳ ಇಲ್ಲ."

ಜಗಲಿಯಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು! ಅಡಿಕೆ ವ್ಯಾಪಾರಿ ಕವಳ ಬಿಡುವುದೆಂದರೆ ಅಕ್ಕಸಾಲಿಗ ಇನ್ನು ಚಿನ್ನ ಮುಟ್ಟುವುದಿಲ್ಲ ಎಂದ ಹಾಗೆ. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಅವರ ಎಡದವಡೆಗೆ ಸೇರುವ ಕವಳ, ರಾತ್ರಿ ಮತ್ತೆ ಹಲ್ಲುಜ್ಜುವ ತನಕ ಅಲ್ಲೇ ವಾಸ. ಊರಿನ ಅರ್ಧ ಜನ ಅವರ ಎರಡೂ ಕೆನ್ನೆಗಳನ್ನು ಸಮವಾಗಿ ನೋಡಿದವರೇ ಅಲ್ಲ.

ಈ ಶಪಥಕ್ಕೆ ಕಾರಣ ಹೆಂಡತಿ ದಾಕ್ಷಾಯಿಣಿ. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು. ಅಷ್ಟೂ ವರ್ಷಗಳಲ್ಲಿ ಯಜಮಾನರು ಹೊರಡಿಸಿದ ಪ್ರವಾಸಗಳೆಲ್ಲ ಯಾವುದಾದರೊಂದು ಊರಿನ ಅಡಿಕೆ ಮಂಡಿಯಲ್ಲೇ ಮುಗಿದಿದ್ದವು. ಮದುವೆಯಾದ ಹೊಸದರಲ್ಲಿ ಗೋವಾ ಎಂದು ಹೊರಟ ಜೋಡಿ ಶಿರಸಿಯಲ್ಲಿ ಹರಾಜು ನೋಡಿಕೊಂಡು ವಾಪಸಾಗಿತ್ತು. ಈ ಸಲ ಆಕೆ ಪಟ್ಟು ಹಿಡಿದಳು. ಒಂದು ವಾರ ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ, ದ್ವೀಪದಿಂದ ದ್ವೀಪಕ್ಕೆ ಸಾಗುತ್ತ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿಯುವುದು. ಜೊತೆಗೊಂದು ಷರತ್ತು.

"ಸಮುದ್ರಕ್ಕೆ ಪಿಚಕ್ ಅಂತ ಉಗಿಯೋರ ಜೊತೆ ನಾನು ಬರಲ್ಲ. ಕವಳ ಬಿಟ್ರೆ ನೀವು. ಇಲ್ದಿದ್ರೆ ನೀಲನ್ನ ಕರ್ಕೊಂಡು ಹೋಗ್ತೀನಿ."

ನೀಲ ಎಂದರೆ ತಂಗಿ ನೀಲಾಂಬಿಕೆ, ಮೇಲೆ ಹೇಳಿದ ನಾದಿನಿ. ತಟ್ಟೆ ಹಿಡಿದುಕೊಂಡು ಬಂದವಳೂ ಅವಳೇ. "ಕಷ್ಟ ಆದ್ರೆ ಹೇಳಿ ಭಾವ, ಸಂಕೋಚ ಬೇಡ" ಎಂದು ನಕ್ಕಳು.

ವೃಷಭೇಂದ್ರಪ್ಪನವರಿಗೆ ನೀರಿನ ಹೆದರಿಕೆ ಇರಲಿಲ್ಲ, ಚಿಕ್ಕಂದಿನಲ್ಲಿ ತುಂಗೆಯಲ್ಲಿ ಈಜಿದವರು. ಹೆದರಿಕೆ ಇದ್ದದ್ದು ಹೆಂಡತಿ ತಮ್ಮನ್ನು ಬಿಟ್ಟು ಹೋಗಿ, ಬಂದ ಮೇಲೆ ಜೀವಮಾನವಿಡೀ ಅದರ ಕಥೆ ಹೇಳುತ್ತಾಳಲ್ಲ ಎಂದು. ಹಾಗಾಗಿ ಪ್ರತಿಜ್ಞೆ ಮನಃಪೂರ್ವಕವೇ ಆಗಿತ್ತು. ಬಾಳೆಹೊನ್ನೂರಿನಿಂದ ಕೊಪ್ಪದ ಮನೆ ತಲುಪುವವರೆಗೆ ಗಟ್ಟಿಯಾಗಿಯೂ ಇತ್ತು! ಮರುದಿನ ಮಂಡಿಯಲ್ಲಿ ಮೂಟೆಗಳ ಹಿಂದೆ ನಿಂತು "ಮಾಲು ಪರೀಕ್ಷೆ ಮಾಡಬೇಕಲ್ಲ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಒಂದು ಹೋಳು ಬಾಯಿಗೆ ಹಾಕಿದರು. ಹೋಳು ಒಂದೇ ಇರುವುದು ಸರಿಯಲ್ಲವೆಂದು ಎಲೆ ಬಂತು. ಎಲೆಯ ಹಿಂದೆ ಸುಣ್ಣ, ಸುಣ್ಣದ ಹಿಂದೆ ಹೊಗೆಸೊಪ್ಪು. ಸಂಜೆ ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿಯುತ್ತ ಮನೆಗೆ ಬಂದರು.

ಆ ಮೇಲೆ ಶುರುವಾಯಿತು ದ್ವೀಪದ ಆಯ್ಕೆ. ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವ ಹಾಗೆ ಅವರು ದ್ವೀಪಗಳನ್ನೂ ವಿಂಗಡಿಸತೊಡಗಿದರು. ಒಳಗಿನ ಮಾನದಂಡ ಒಂದೇ, ಅಲ್ಲಿ ಎಲೆಅಡಿಕೆ ಸಿಗುತ್ತದೋ ಇಲ್ಲವೋ. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ.

"ಮಾಲ್ಡೀವ್ಸ್ ನೋಡಿ, ಎಷ್ಟು ಚಂದ ಇದೆ" ಎಂದಳು ದಾಕ್ಷಾಯಿಣಿ ಫೋನು ಚಾಚಿ.

"ಬರೀ ಮರಳು. ಒಂದು ತೋಟ ಇಲ್ಲ, ಎಂತ ಇಲ್ಲ."

"ನಾವು ತೋಟ ನೋಡೋಕೆ ಹೋಗೋದಾ?"

"ಹಾಗಲ್ಲ ಮಾರಾಯ್ತಿ. ಹಸಿರು ಇದ್ರೆ ಮನಸ್ಸಿಗೆ ಹಿತ."

"ಅಂಡಮಾನ್ ಆಗ್ಬಹುದಾ? ಹಸಿರು ಬೇಕಾದಷ್ಟಿದೆ."

ಅಂಡಮಾನಿನಲ್ಲಿ ಅಡಿಕೆ ಬೆಳೆಯುತ್ತದೆಂದು ಅವರಿಗೆ ಗೊತ್ತಿತ್ತು. ಕೂಡಲೇ ದೇಶಾಭಿಮಾನ ಉಕ್ಕಿ ಬಂತು. ಆದರೆ ಫೋನು ಮಾಡಿ ವಿಚಾರಿಸಿದಾಗ ದೋಣಿಯವನು ಹೊಗೆಸೊಪ್ಪು ಕಂಡರೆ ಹತ್ತಿಸಿಕೊಳ್ಳುವುದಿಲ್ಲ ಎಂದ. ದೇಶಾಭಿಮಾನ ಇಳಿಯಿತು.

ಕೊನೆಗೆ ಒಂದು ದಿನ, ಇಂಡೋನೇಷ್ಯಾದ ಪೂರ್ವದ ತುದಿಯ ರಾಜಾ ಅಂಪತ್ ದ್ವೀಪಗಳ ವಿಡಿಯೋದಲ್ಲಿ ಸಂತೆಯೊಂದು ಕಾಣಿಸಿತು. ಅದರಲ್ಲೊಬ್ಬಳು ಅಜ್ಜಿ ಅಡಿಕೆಯ ಗುಡ್ಡೆ ಹಾಕಿಕೊಂಡು ಕೂತು, ಕೆಂಪು ಬಾಯಿ ತೆರೆದು ನಕ್ಕಳು. ವೃಷಭೇಂದ್ರಪ್ಪನವರ ಕಣ್ಣಲ್ಲಿ ನೀರೇ ಬಂತು. ಕಡಲಾಚೆ ಬಂಧುಗಳು ಸಿಕ್ಕಿದ್ದರು!

"ಇದೇ ಆಗ್ಲಿ."

"ವಿಮಾನದ ಮೇಲೆ ವಿಮಾನ ಹತ್ತಬೇಕು ರೀ. ಶೃಂಗೇರಿಗೆ ಹೋಗೋದೇ ದೂರ ಅಂತೀರಿ ನೀವು."

"ಹವಳ ಜಾಸ್ತಿ ಇದ್ಯಂತೆ."

ದಾಕ್ಷಾಯಿಣಿ ಗಂಡನ ಮುಖವನ್ನೊಮ್ಮೆ, ಫೋನಿನ ಅಜ್ಜಿಯ ಮುಖವನ್ನೊಮ್ಮೆ ನೋಡಿದಳು. "ಮೊದಲು ತರಬೇತಿ ಮುಗೀಲಿ. ಆಮೇಲೆ ದ್ವೀಪ" ಎಂದಳು.

ತರಬೇತಿ ನಡೆದದ್ದು ನರಸಿಂಹರಾಜಪುರದ ಹತ್ತಿರದ ಒಂದು ರೆಸಾರ್ಟಿನ ಈಜುಕೊಳದಲ್ಲಿ. ಕಲಿಸಲು ಕರಾವಳಿಯಿಂದ ಹರೀಶ ಎಂಬವನು ಬಂದಿದ್ದ. ನೀಲಾಂಬಿಕೆಯೂ ಹಾಜರಿದ್ದಳು. "ಸುಮ್ನೆ ನೋಡೋಕೆ ಬಂದೆ ಭಾವ" ಎಂದಳು. ಸುಮ್ಮನೆ ನೋಡಲು ಬಂದವಳು ಈಜುಡುಪನ್ನೂ ತಂದಿದ್ದಳು.

ಅದನ್ನು ಕಂಡದ್ದೇ ಯಜಮಾನರಿಗೆ ದೋಣಿಯಲ್ಲಿನ ತಮ್ಮ ಜಾಗ ಹೋಯಿತೆಂದೇ ಅನ್ನಿಸಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ, ಧೈರ್ಯಕ್ಕೆ ಇರಲಿ ಎಂದು ಸಣ್ಣದೊಂದು ಕವಳ ಹಾಕಿದರು. ಹಾಕಿ ಮುಗಿಯುವುದಕ್ಕೂ ಹರೀಶ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಉಗಿಯೋಣವೆಂದರೆ ನೆಲ ಬಿಳಿ, ಗೋಡೆ ಬಿಳಿ, ಕಸದ ಬುಟ್ಟಿಯೂ ಬಿಳಿ! ಕವಳವನ್ನು ಎಡದವಡೆಗೆ ಒತ್ತರಿಸಿಕೊಂಡು ಹೊರಗೆ ಬಂದರು.

"ಸಾರ್, ಈ ನಳಿಗೆ ಬಾಯಲ್ಲಿ ಕಚ್ಕೊಳ್ಳಿ. ಉಸಿರೆಲ್ಲ ಬಾಯಲ್ಲೇ. ಏನಾದ್ರೂ ಡೌಟಿದ್ಯಾ?"

ವೃಷಭೇಂದ್ರಪ್ಪನವರು ಗದ್ದ ಮೇಲೆತ್ತಿ "ಹ್ಞೂಂಹ್ಞೂಂ" ಎಂದರು.

"ಮಾತು ಕಡಿಮೆ. ಒಳ್ಳೆ ಲಕ್ಷಣ" ಎಂದು ಹರೀಶ ಮೆಚ್ಚಿಕೊಂಡ.

ನೀರೊಳಗೆ ಮೊದಲ ಒಂದು ನಿಮಿಷ ಸ್ವರ್ಗ. ಎರಡನೆಯ ನಿಮಿಷಕ್ಕೆ ಕವಳ ರಸ ಬಿಟ್ಟಿತು. ನುಂಗುವಂತಿಲ್ಲ, ಉಗಿಯುವಂತಿಲ್ಲ, ಬಾಯೊಳಗೆ ನಳಿಗೆ ಬೇರೆ. ಸಿಲಿಂಡರಿನ ಗಾಳಿ ಒಳಗೆ ನುಗ್ಗುತ್ತಿತ್ತು, ರಸ ಹೊರಗೆ ನುಗ್ಗುತ್ತಿತ್ತು. ಕೆಮ್ಮು ಬಂತು. ಮೊದಲು ಕೆಂಪು ಗುಳ್ಳೆಗಳು ಎದ್ದವು, ಅವುಗಳ ಹಿಂದೆಯೇ ಕೆಂಪು ಮೋಡ.

"ಅಕ್ಕಾ, ಭಾವಂಗೆ ರಕ್ತ ಬರ್ತಿದೆ!"

ಕೊಳದಲ್ಲಿದ್ದ ಅತಿಥಿಗಳೆಲ್ಲ ದಡಕ್ಕೆ ಹಾರಿದರು. ದಡದಲ್ಲಿದ್ದ ದಾಕ್ಷಾಯಿಣಿ ನೀರಿಗೆ ಹಾರಿದಳು. ಹರೀಶನ ಜೊತೆ ಸೇರಿ ಗಂಡನನ್ನು ಎಳೆದು ಮಲಗಿಸಿ, ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರೀ, ನನ್ನ ನೋಡಿ. ಎಂತಾಯ್ತು? ನಂಗೆ ಯಾವ ದ್ವೀಪನೂ ಬೇಡ. ನೀವೊಬ್ರು ಸರಿ ಇದ್ರೆ ಸಾಕು."

ಇಪ್ಪತ್ತೈದು ವರ್ಷದಲ್ಲಿ ಆಕೆ ಇಂಥ ಮಾತು ಆಡಿರಲಿಲ್ಲ. ವೃಷಭೇಂದ್ರಪ್ಪನವರಿಗೆ ನಿಜ ಹೇಳಿಬಿಡೋಣ ಅನ್ನಿಸಿತು. ಬಾಯಿ ತೆರೆದರೆ ಹೇಳುವ ಮೊದಲೇ ನಿಜ ಹೊರಗೆ ಬೀಳುತ್ತಿತ್ತು! ಬೇರೆ ದಾರಿ ಕಾಣದೆ, ಕಣ್ಣು ಮುಚ್ಚಿ, ಹೊಗೆಸೊಪ್ಪಿನ ಸಮೇತ ಗುಳುಂ ಎಂದು ನುಂಗಿಬಿಟ್ಟರು.

ಕ್ಷಣದಲ್ಲಿ ರೆಸಾರ್ಟು ಗಿರ್ರನೆ ತಿರುಗಿತು. ಹಣೆಯಲ್ಲಿ ಬೆವರು, ಕಿವಿಯಲ್ಲಿ ಗುಂಯ್. ಹರೀಶ ಆಂಬುಲೆನ್ಸಿಗೆ ಫೋನು ಹಚ್ಚಿದ. ಅಷ್ಟರಲ್ಲಿ ನೀಲಾಂಬಿಕೆ ಕೊಳದ ಅಂಚಿಗೆ ಬಗ್ಗಿ, ತೇಲುತ್ತಿದ್ದ ಎಲೆಚೂರೊಂದನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ಫೋನ್ ಇಡಿ. ರಕ್ತ ಅಲ್ಲ ಅಕ್ಕ, ಭಾವಂಗೆ ಅಡಿಕೆ ಸೊಕ್ಕಿ ತಲೆ ತಿರುಗಿದೆ ಅಷ್ಟೆ" ಎಂದಳು. ನೀರಿನ ಬಣ್ಣವನ್ನು ಮತ್ತೊಮ್ಮೆ ನೋಡಿ, "ಸುಣ್ಣ ಒಂಚೂರು ಜಾಸ್ತಿಯಾಗಿದೆ" ಎಂದೂ ಸೇರಿಸಿದಳು.

ಕೊಪ್ಪದ ಅಡಿಕೆ ವ್ಯಾಪಾರಿಗೆ ಅಡಿಕೆ ಸೊಕ್ಕಿತು ಎಂದರೆ ಮಂಡಿಯಲ್ಲಿ ಮುಖ ತೋರಿಸುವುದು ಹೇಗೆ? ಆದರೆ ಆ ಹೊತ್ತಿಗೆ ಅವರು ಯೋಚಿಸಿದ್ದು ಮಂಡಿಯನ್ನಲ್ಲ. ಕೆನ್ನೆಯ ಮೇಲಿದ್ದ ಹೆಂಡತಿಯ ಕೈಗಳು ಹಿಂದಕ್ಕೆ ಸರಿದಿದ್ದವು. ಆಕೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. "ಒಂದು ಲೋಟ ಮಜ್ಜಿಗೆ ತರಿಸಿ" ಎಂದು ಹರೀಶನಿಗೆ ಹೇಳಿ ಎದ್ದುಹೋದಳು.

ಮಧ್ಯಾಹ್ನವಿಡೀ ವೃಷಭೇಂದ್ರಪ್ಪನವರು ಟವೆಲು ಹೊದ್ದು, ಮಜ್ಜಿಗೆ ಕುಡಿಯುತ್ತ ಬೆಂಚಿನ ಮೇಲೆ ಕೂತರು. ಕೊಳದ ತಿಳಿನೀರಿನ ಬದಿಯಲ್ಲಿ ಅಕ್ಕತಂಗಿಯರು ಮುಳುಗಿದರು, ಎದ್ದರು, ನಕ್ಕರು, ಮತ್ತೆ ಮುಳುಗಿದರು. ಹರೀಶ ಇಬ್ಬರಿಗೂ ಭೇಷ್ ಎಂದ.

ಕೊಪ್ಪಕ್ಕೆ ವಾಪಸಾಗುವಾಗ ಕಾರಿನಲ್ಲೇ ದ್ವೀಪ ತೀರ್ಮಾನವಾಯಿತು. "ಮಾಲ್ಡೀವ್ಸ್" ಎಂದಳು ನೀಲಾಂಬಿಕೆ. "ಮಾಲ್ಡೀವ್ಸ್" ಎಂದಳು ದಾಕ್ಷಾಯಿಣಿ. ರಾಜಾ ಅಂಪತ್ತಿನ ಹೆಸರೆತ್ತುವ ಧೈರ್ಯ ಯಾರಿಗೂ, ಅಂದರೆ ಅದು ಬೇಕಿದ್ದ ಯಜಮಾನರಿಗೆ, ಇರಲಿಲ್ಲ.

ಹಿಂದಿನ ಸೀಟಿನಿಂದ ಯಜಮಾನರ ಸಣ್ಣ ದನಿ ಬಂತು. "ಹಾಗಾದ್ರೆ ನಾನು ಬರೋದು ಬೇಡ್ವಾ?"

ದಾಕ್ಷಾಯಿಣಿ ತಿರುಗಿ ನೋಡಿದಳು. ಸೊಕ್ಕು ಇಳಿದು ಸೊಪ್ಪಾಗಿದ್ದ ಆ ಮುಖ ಕಂಡು ಮನಸ್ಸು ಕರಗಿತು.

"ಬನ್ನಿ. ನಿಮ್ಮನ್ನ ಬಿಟ್ಟು ಹೋಗೋಕೆ ನಂಗೂ ಮನಸ್ಸಿಲ್ಲ."

ಯಜಮಾನರು ನೆಟ್ಟಗೆ ಕೂತರು. "ದೋಣಿಲಿ ಇನ್ನೊಂದು ಜಾಗ ಇದ್ಯಾ?"

"ಮಾಡಿಸ್ತೀನಿ. ನಾವಿಬ್ರೂ ಮುಳುಗಿದ್ಮೇಲೆ, ಮೇಲೆ ಚಪ್ಪಲಿ ಕಾಯೋಕೆ ಒಬ್ರು ಬೇಕಲ್ಲ."