ನಮ್ಮನೆಯ ಪಿಂಚಣಿ ಕಚೇರಿ

ಸರ್ಕಾರಕ್ಕೆ ನಮ್ಮ ಯಜಮಾನರ ಮೇಲಿರುವಷ್ಟು ಕಾಳಜಿ ಅವರನ್ನು ಹೆತ್ತ ತಾಯಿಗೂ ಇರಲಿಲ್ಲ. ವರ್ಷ ವರ್ಷವೂ ನವೆಂಬರ್ ಬಂತೆಂದರೆ ಸಾಕು, 'ಏನಪ್ಪ, ಇನ್ನೂ ಇದ್ದೀಯಾ?' ಎಂದು ವಿಚಾರಿಸಿಕೊಳ್ಳುತ್ತದೆ. ಇವರೂ ಅಷ್ಟೇ ನಿಷ್ಠೆಯಿಂದ ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೊಸದುರ್ಗದ ಬ್ಯಾಂಕಿಗೆ ಹೋಗಿ ಯಂತ್ರದ ಮೇಲೆ ಬೆರಳೊತ್ತಿ 'ಇದ್ದೀನಿ' ಎಂದು ಹೇಳಿ ಬರುತ್ತಾರೆ. ಜೊತೆಗೆ ನಾನೂ ಹೋಗುತ್ತೇನೆ. ಅವರ ಕನ್ನಡಕ, ಆಧಾರ್ ಕಾರ್ಡು, ನೀರಿನ ಬಾಟಲಿ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ. ನಾನು ಬದುಕಿದ್ದೇನೋ ಇಲ್ಲವೋ ಎಂದು ಮಾತ್ರ ಇದುವರೆಗೆ ಯಾವ ಸರ್ಕಾರವೂ ಕೇಳಿಲ್ಲ. ಚುನಾವಣೆ ಹತ್ತಿರ ಬಂದಾಗ ಕೆಲವರು ಮನೆಬಾಗಿಲಿಗೇ ಬಂದು ವಿಚಾರಿಸುವುದುಂಟು, ಆದರೆ ಅವರದು ಬೇರೆ ಇಲಾಖೆ.

ಹಾಗೆಂದು ನಾನೇನು ಮನೆಯಲ್ಲಿ ಕೂತು ಬತ್ತಿ ಹೊಸೆದವಳಲ್ಲ. ಶ್ರೀರಾಂಪುರದ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರಾಗಿದ್ದೆ. ಮಕ್ಕಳಿಗೆ ಅ ಆ ಇ ಈ ಹೇಳಿಕೊಟ್ಟು, ಮೂಗು ಒರೆಸಿ, ತೂಕ ಹಾಕಿ, ಬಸುರಿಯರಿಗೆ ಮೊಟ್ಟೆ ಹಂಚಿ, ಪೋಲಿಯೋ ಹನಿ ಹಾಕಿ, ಮನೆ ಮನೆ ಸರ್ವೆ ಮಾಡಿ, ಊರಿಗೆ ದೊಡ್ಡವರು ಯಾರೇ ಬಂದರೂ ಆರತಿ ತಟ್ಟೆ ಹಿಡಿದು ನಿಂತವಳು. ಆದರೆ ಕಾಗದದ ಪ್ರಕಾರ ನಾನು ನೌಕರಳಲ್ಲ, ಕಾರ್ಯಕರ್ತೆ. ನನಗೆ ಬರುತ್ತಿದ್ದುದು ಸಂಬಳವಲ್ಲ, ಗೌರವಧನ. ಸಂಬಳ ತಡವಾದರೆ ಜಗಳವಾಡಬಹುದು, ಗೌರವ ತಡವಾಯಿತೆಂದು ಜಗಳವಾಡಿದರೆ ಜನ ನಗುತ್ತಾರೆ. ಅರವತ್ತಾದ ದಿನ ಒಂದು ಶಾಲು, ಒಂದು ಹಾರ, ಒಂದು ಫಲತಾಂಬೂಲದ ತಟ್ಟೆ ಕೊಟ್ಟು ಕೈಮುಗಿದರು. ಆಮೇಲೆ ಬಂದ ಇಡಿಗಂಟು ಸೋರುತ್ತಿದ್ದ ಮಾಳಿಗೆಗೆ ಹೋಯಿತು. ಮಾಳಿಗೆ ಯಜಮಾನರ ಹೆಸರಿನಲ್ಲಿದೆ.

ಯಜಮಾನರ ಕಥೆಯೇ ಬೇರೆ. ಅವರು ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು, ಊರವರ ಪಿಂಚಣಿ ಕಡತಗಳನ್ನೆಲ್ಲ ಬರೆದು ಬರೆದು ಕೊನೆಗೆ ತಮ್ಮದನ್ನೂ ತಾವೇ ಬರೆದುಕೊಂಡು ಹೊರಬಂದವರು. ಅವರ ಬೀಳ್ಕೊಡುಗೆಯಲ್ಲಿ ಅಧಿಕಾರಿಯೊಬ್ಬರು, "ತಿಪ್ಪೇಸ್ವಾಮಿಯವರು ಇಡೀ ಸೇವೆಯಲ್ಲಿ ಒಂದು ದಿನವೂ ಸಂಬಳವಿಲ್ಲದ ರಜೆ ಹಾಕಿದವರಲ್ಲ" ಎಂದು ಹೊಗಳಿದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ನಿವೃತ್ತರಾದವರು ಪೂರ್ತಿಯಾಗಿಯೇ ಆದರು. ಕಚೇರಿಯಿಂದ ಮಾತ್ರವಲ್ಲ, ತರಕಾರಿ ತರುವುದರಿಂದ, ಹಾಸಿಗೆ ಮಡಚುವುದರಿಂದ, ಕುಡಿದ ಕಾಫಿ ಲೋಟವನ್ನು ಒಳಗೆ ತಂದಿಡುವುದರಿಂದಲೂ ನಿವೃತ್ತರಾದರು. ನಾನು ಅಂಗನವಾಡಿಯಿಂದ ನಿವೃತ್ತಳಾದ ಮಾರನೆಯ ಬೆಳಗ್ಗೆ ಇವರು ಕೇಳಿದ್ದು, "ಇವತ್ತಿಂದ ಮನೇಲೇ ಇರ್ತೀಯಲ್ಲ, ಮಧ್ಯಾಹ್ನಕ್ಕೆ ಬಿಸಿ ಮುದ್ದೆ ಮಾಡಬಹುದಲ್ವಾ?" ಎಂದು.

ಹೋದ ನವೆಂಬರಿನಲ್ಲಿ ಬ್ಯಾಂಕಿನ ಹುಡುಗನಿಗೆ ನನ್ನ ಮೇಲೆ ಕರುಣೆ ಉಕ್ಕಿತು. "ಅಮ್ಮ, ನಿಮ್ದು ಪಿಂಚಣಿ ಏನೂ ಇಲ್ವಾ?" ಎಂದು ಕೇಳಿದ. ಇಲ್ಲಪ್ಪ ಎಂದೆ. "ಚಿಂತೆ ಮಾಡ್ಬ್ಯಾಡ್ರಿ, ಸಾರ್ ಹೋದ್ಮ್ಯಾಲೆ ನಿಮಗೇ ಬರ್ತೈತೆ" ಎಂದು ಸಮಾಧಾನ ಹೇಳಿದ. ಸಾರ್ ಅಲ್ಲೇ ಪಕ್ಕದಲ್ಲಿ ಬೆರಳೊತ್ತಿಕೊಂಡು ಕೂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಇವರು ಕನ್ನಡಕ ಸರಿಮಾಡಿಕೊಂಡು, "ಪೂರ್ತಿ ಬರಲ್ಲ ಕಣಪ್ಪ, ಕುಟುಂಬ ಪಿಂಚಣಿ ಕಮ್ಮಿ ಇರ್ತೈತೆ" ಎಂದು ತಿದ್ದಿದರು. ಅವರಿಗೆ ತಾವು ಸಾಯುವ ಮಾತಿಗಿಂತ ನಿಯಮ ತಪ್ಪು ಹೇಳಿದ್ದೇ ಹೆಚ್ಚು ನೋವಾಗಿತ್ತು.

ಆ ದಿನದಿಂದ ನನ್ನ ಪರಿಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಾಯಿತು. ಇವರಿಗೆ ಸಕ್ಕರೆ ಕಾಯಿಲೆ ಇದೆ. ಸಿಹಿ ಕೊಡದೆ, ವಾಕಿಂಗಿಗೆ ಅಟ್ಟಿ, ಮಾತ್ರೆ ನುಂಗಿಸಿದರೆ ಪಕ್ಕದ ಮನೆಯವರು, "ಪಿಂಚಣಿ ಬರೋ ಗಂಡನ್ನ ಹೆಂಗೆ ಕಾಪಾಡ್ಕಂತಾಳೆ ನೋಡ್ರಿ" ಎನ್ನುತ್ತಾರೆ. ಪಾಪ ಆಸೆ ಪಡುತ್ತಾರೆಂದು ಮಂಡಕ್ಕಿಗೆ ನಾಲ್ಕು ಮೆಣಸಿನಕಾಯಿ ಬಜ್ಜಿ ಕರಿದುಕೊಟ್ಟರೆ ಇವರೇ ನನ್ನ ಮುಖವನ್ನು ಒಂಥರಾ ನೋಡಿ, "ಯಾಕೆ, ಕುಟುಂಬ ಪಿಂಚಣಿಗೆ ಅರ್ಜೆಂಟ್ ಐತಾ?" ಎನ್ನುತ್ತಾರೆ. ಗಂಡ ಬದುಕಿದ್ದರೆ ಅವನ ದುಡ್ಡು, ಸತ್ತರೆ ಅವನ ದುಡ್ಡಿನಲ್ಲಿ ಒಂದು ತುಂಡು. ಇವೆರಡರ ಮಧ್ಯೆ ನನ್ನ ದುಡಿಮೆ ಎಲ್ಲಿ ಬಿದ್ದುಹೋಯಿತು ಎಂದು ಹುಡುಕುವುದಕ್ಕೂ ನನಗೆ ಪುರಸೊತ್ತಿರಲಿಲ್ಲ.

ಪುರಸೊತ್ತು ಸಿಕ್ಕಿದ್ದು ಹೊಳಲ್ಕೆರೆಯಲ್ಲಿ, ನನ್ನ ತಂಗಿ ಮಗಳ ಮದುವೆಯಲ್ಲಿ. ಆ ಹುಡುಗಿಯ ಕೈಹಿಡಿದು ಮೊದಲ ಅಕ್ಷರ ತಿದ್ದಿಸಿದವಳು ನಾನು. ಅವಳಿಗೆ ನನ್ನ ಹೆಸರಿನಲ್ಲೇ ಮುಯ್ಯಿ ಬರೆಸಬೇಕೆಂದು ಆಸೆಯಿಂದ ಸಾಲಿನಲ್ಲಿ ನಿಂತೆ. ಮುಯ್ಯಿ ಬರೆಯುವವರು ತಲೆ ಎತ್ತದೆ ಹೆಸರು ಕೇಳಿದರು. ಗಿರಿಜಮ್ಮ ಎಂದೆ. "ಯಜಮಾನ್ರ ಹೆಸ್ರು ಹೇಳ್ರಿ" ಎಂದರು. "ನಂದೇ ಬರೀರಿ" ಎಂದೆ. ಆಗ ತಲೆ ಎತ್ತಿ ನೋಡಿದರು. "ಆಗಲ್ರಮ್ಮ, ನಾಳೆ ಮುಯ್ಯಿ ತೀರ್ಸೋರಿಗೆ ಯಾರ ಮನೇದು ಅಂತ ಗೊತ್ತಾಗಬ್ಯಾಡ್ವಾ? ಅಲ್ದೆ ದುಡ್ಡು ಅವರದೇ ಅಲ್ವೇನ್ರಿ?" ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ ಇವರ ಹೆಸರು ಬರೆದು ಮೈಕಿನಲ್ಲಿ ಕೂಗಿಯೂ ಬಿಟ್ಟರು. ನನಗೆ ಅವಮಾನವಾಯಿತು. ಆ ಮಾತು ಸುಳ್ಳಲ್ಲ ಎಂಬುದು ಇನ್ನೂ ದೊಡ್ಡ ಅವಮಾನವಾಯಿತು. ದುಡ್ಡು ನಿಜಕ್ಕೂ ಇವರದೇ ಆಗಿತ್ತು, ಬೆಳಗ್ಗೆ ಕೇಳಿ ಇಸಿದುಕೊಂಡು ಬಂದಿದ್ದೆ. ಊಟದ ಪಂಕ್ತಿಯಲ್ಲಿ ಬಡಿಸಿದ ಹೋಳಿಗೆಯನ್ನು ಎಲೆಯ ಬದಿಗೆ ಸರಿಸಿದೆ. ಇವರು ನನ್ನ ಎಲೆಯದನ್ನೂ ತೆಗೆದುಕೊಂಡು ತಿಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದೆ. "ರೀ, ನಂಗೂ ಪಿಂಚಣಿ ಬೇಕು."

"ಯಾರು ಕೊಡ್ಬೇಕು?"

"ನೀವು. ನಿಮ್ಮ ಪಿಂಚಣೀಲಿ ನಂದೂ ಒಂದು ಪಾಲೈತೆ. ಅದು ತಿಂಗಳು ತಿಂಗಳು ನನ್ನ ಖಾತೆಗೆ ಬರಬೇಕು. ಕೈಖರ್ಚಿಗೆ ಅಂತ ಕೊಡಬ್ಯಾಡ್ರಿ, ಪಿಂಚಣಿ ಅಂತ್ಲೇ ಕೊಡ್ರಿ."

ಇವರು ಕಿಟಕಿಯಾಚೆಯ ತೆಂಗಿನ ತೋಟಗಳ ಕಡೆ ತಿರುಗಿದರು. ಬೇಡ ಅನ್ನಬಹುದು, ಬೈಯಬಹುದು, ನಗಬಹುದು ಎಂದುಕೊಂಡಿದ್ದೆ. ಬಸ್ಸಿಳಿಯುವಾಗ ಅವರು ಹೇಳಿದ್ದು, "ಒಂದು ಅರ್ಜಿ ಕೊಡು, ನೋಡಾಣ" ಎಂದು. ಮೂವತ್ತು ಚಿಲ್ಲರೆ ವರ್ಷ ಕಡತದಲ್ಲಿ ಮುಳುಗಿದ್ದವರಿಗೆ ಹೆಂಡತಿಯ ಮಾತು ಕೂಡ ಅರ್ಜಿಯಾಗಿ ಬಂದರೇನೇ ಕಿವಿಗೆ ಬೀಳುವುದು.

ಕೊಟ್ಟೆ. ಎಷ್ಟೋ ದಿನಗಳ ಮೇಲೆ ಇವರ ಮುಖದಲ್ಲಿ ಅಂಥ ಕಳೆ ಕಂಡಿತು. ಪಡಸಾಲೆಯ ಮೇಜು ಒರೆಸಿಕೊಂಡು ಕೂತರು. ದಿನಾಂಕ ಹಾಕಿಲ್ಲವೆಂದು ಅರ್ಜಿ ವಾಪಸು ಬಂತು. ಹಾಕಿಕೊಟ್ಟರೆ 'ಮಾನ್ಯರೇ' ಇಲ್ಲವೆಂದು ಮತ್ತೆ ವಾಪಸು ಬಂತು. ಆಮೇಲೆ ನೇಮಕಾತಿ ಆದೇಶ ಕೇಳಿದರು. ನಾನು ಟ್ರಂಕಿನಿಂದ ನಮ್ಮ ಲಗ್ನಪತ್ರಿಕೆ ಹುಡುಕಿ ತಂದು ಮೇಜಿನ ಮೇಲಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಹುದ್ದೆ ನಮೂದಿಸಿಲ್ವಲ್ಲೇ" ಎಂದರು. ನಮೂದಿಸಿದ್ದರೆ ನಾನು ಅವತ್ತೇ ರಾಜೀನಾಮೆ ಕೊಡುತ್ತಿದ್ದೆ ಎಂದೆ. ಅದನ್ನು ದಾಖಲಿಸಲಿಲ್ಲ.

ಅಲ್ಲಿಯವರೆಗೆ ಇದೊಂದು ಆಟವೆಂದೇ ನಾನೂ ಅಂದುಕೊಂಡಿದ್ದೆ. ಮಾರನೆಯ ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಇವರು ಕೊನೆಯ ಆಕ್ಷೇಪಣೆ ಎತ್ತಿದರು. "ಎಲ್ಲಾ ಸರಿ ಐತೆ ಕಣೆ. ಆದ್ರೆ ನಿನ್ನ ಸೇವೆ ಅಖಂಡವಲ್ಲ. ಎರಡು ಬಾಣಂತನಕ್ಕೂ ರಾಮಗಿರಿಗೆ, ನಿಮ್ಮಮ್ಮನ ಮನೆಗೆ ಹೋಗಿ ಕುಂತಿದ್ದೆ. ಆವಾಗ ಇಲ್ಲಿ ಬೇಯಿಸಿ ಹಾಕಿದ್ದು ನಮ್ಮವ್ವ. ಸೇವೇಲಿ ಬಿಡುವು ಇದ್ರೆ ಪಿಂಚಣಿ ಕಮ್ಮಿ ಆಗ್ತೈತೆ. ರೂಲು ಅಂದ್ರೆ ರೂಲು."

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ರಾಮಗಿರೀಲಿ ಕುಂಟಾಬಿಲ್ಲೆ ಆಡ್ತಿದ್ನಾ? ಹೆತ್ತಿದ್ದು ನಿಮ್ಮ ಮಕ್ಕಳನ್ನೇ ಅಲ್ವೇನ್ರಿ?" ಎಂದೆ.

"ಮಕ್ಕಳು ಬಂದಿದ್ದಕ್ಕೆ ದಾಖಲೆ ಐತೆ, ಇಲ್ಲ ಅಂದ್ನಾ?"

"ಹಂಗಾದ್ರೆ ಇದಕ್ಕೂ ದಾಖಲೆ ಹುಡುಕ್ರಿ. ನಿಮ್ಮವ್ವ ಬಚ್ಚಲಲ್ಲಿ ಬಿದ್ದು ಸೊಂಟ ಮುರ್ಕಂಡಾಗ ಇಡೀ ಮಳೆಗಾಲ ಅಂಗನವಾಡಿಗೆ ಹೋಗದೆ ಮನೇಲಿ ಕುಂತೋಳು ಯಾರು? ಗೌರವಧನ ಕಟ್ಟಾಗಿದ್ದು ಯಾರಿಗೆ? ನೋಟಿಸು ಬಂದಿದ್ದು ಯಾರಿಗೆ? ನಿಮ್ಮನ್ನ ಹೆತ್ತವ್ವ ಅಲ್ವೇನ್ರಿ, ನೀವ್ಯಾಕೆ ಒಂದಿನ ರಜೆ ಹಾಕ್ಲಿಲ್ಲ? ನನ್ನ ಸೇವೆ ತುಂಡು ತುಂಡಾಗಿದ್ದಕ್ಕೇ ಕಣ್ರಿ ನಿಮ್ಮದು ಅಖಂಡವಾಗಿದ್ದು. ಅವತ್ತು ಬಿತ್ತಲ್ಲ ಚಪ್ಪಾಳೆ, ಅದ್ರಲ್ಲಿ ಅರ್ಧ ನಂದು."

ಹಿತ್ತಿಲಿನಲ್ಲಿ ಪಾತ್ರೆಯ ಸದ್ದು ನಿಂತಿತು. ನಮ್ಮ ಮನೆಗೆಲಸದ ಹನುಮಕ್ಕ ಬೂದಿಗೈಯಲ್ಲೇ ಬಾಗಿಲಿಗೆ ಬಂದು, "ಟೀಚರಮ್ಮ ಹೇಳಾದು ಸರಿಯಾಗೈತೆ ಸಾಮಿ. ನಾನು ದುಡ್ದಿದ್ದಕ್ಕೆ ಯಾರೂ ಒಂದು ಕಾಸು ಪಿಂಚಣಿ ಕೊಡ್ಲಿಲ್ಲ. ನನ್ ಗಂಡ ಕುಡ್ದು ಸತ್ತಿದ್ದಕ್ಕೆ ಸರ್ಕಾರ ತಿಂಗಳು ತಿಂಗಳು ಕೊಡ್ತೈತೆ" ಎಂದಳು. ಇವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು. ನಿಯಮಗಳಲ್ಲಿ ಉತ್ತರ ಸಿಗದಾಗ ಅವರು ಮಾಡುವುದೇ ಅದು.

ಸಂಜೆಗೆ ಆದೇಶ ಹೊರಬಿತ್ತು. 'ಅರ್ಜಿದಾರರ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ' ಎಂದು ಶುರುವಾಗಿತ್ತು. "ಸಹಾನುಭೂತಿ ಬ್ಯಾಡ, ಅದನ್ನ ಹೊಡೆದುಹಾಕ್ರಿ" ಎಂದೆ. ಹೊಡೆದುಹಾಕಿದರು. ತಮ್ಮ ಪಿಂಚಣಿಯ ಮೂರರಲ್ಲೊಂದು ಭಾಗ ನನಗೆ, ಹಿಂಬಾಕಿ ಕೇಳುವಂತಿಲ್ಲ ಎಂಬ ಷರತ್ತಿತ್ತು. ಹಿಂಬಾಕಿ ಕೇಳಿದರೆ ಅವರು ಮನೆಯ ಜೊತೆಗೆ ತಮ್ಮನ್ನೂ ಮಾರಿಕೊಳ್ಳಬೇಕಾಗುತ್ತದೆ ಎಂದು ಒಪ್ಪಿಕೊಂಡೆ. ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮರು. ಮುಂದಿನ ತಿಂಗಳಿನಿಂದಲೇ ನನ್ನ ಖಾತೆಗೆ ದುಡ್ಡು ಬರತೊಡಗಿತು. ಹಿರಿಯೂರಿನ ಮದುವೆಯೊಂದರಲ್ಲಿ ಮುಯ್ಯಿ ಬರೆಯುವವರು ಯಜಮಾನರ ಹೆಸರು ಕೇಳಿದಾಗ, "ದುಡ್ಡು ನಂದು, ಹೆಸ್ರೂ ನಂದೇ ಬರೀರಿ" ಎಂದೆ. ಮೈಕಿನಲ್ಲಿ 'ನಿವೃತ್ತ ಅಂಗನವಾಡಿ ಟೀಚರ್ ಗಿರಿಜಮ್ಮನವರು' ಎಂದು ಕೇಳಿದಾಗ, ನಿಜ ಹೇಳುತ್ತೇನೆ, ಮದುಮಗಳಿಗಿಂತ ನಾನೇ ಹೆಚ್ಚು ನಾಚಿಕೊಂಡೆ.

ಅಲ್ಲಿಂದೀಚೆಗೆ ನನ್ನ ಬಾಯಿಗೆ ಬೀಗವಿಲ್ಲ. ಹಿಟ್ಟಿನ ಗಿರಣಿಯಲ್ಲಿ, ಸಂಘದ ಸಭೆಯಲ್ಲಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಸಿಕ್ಕಸಿಕ್ಕ ಹೆಂಗಸರಿಗೆಲ್ಲ ಉಪದೇಶ ಮಾಡುತ್ತೇನೆ. ದುಡಿದವಳಿಗೆ ಕೊನೆಗಾಲದಲ್ಲಿ ತನ್ನದು ಎನ್ನುವ ನಾಲ್ಕು ಕಾಸು ಇರಬೇಕು, ಅದು ದಾನವಲ್ಲ, ಹಕ್ಕು, ನಾಚಿಕೆ ಬಿಟ್ಟು ಕೇಳಿ ಎನ್ನುತ್ತೇನೆ. ಮನೆಗೆ ಬಂದವರ ಮುಂದೆ ಇದನ್ನು ಹೇಳುವಾಗ ಹನುಮಕ್ಕ ಹಿತ್ತಿಲಿನಲ್ಲಿ ಪಾತ್ರೆ ತಿಕ್ಕುತ್ತಾ ಕೇಳಿಸಿಕೊಳ್ಳುತ್ತಾಳೆ. ಚೆನ್ನಾಗಿಯೇ ಕೇಳಿಸಿಕೊಂಡಿದ್ದಾಳೆ.

ಮೊನ್ನೆ ಕೆಲಸ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಳು. "ಟೀಚರಮ್ಮ, ನಂಗೂ ವಯಸ್ಸಾತು. ಕುಂತ್ರೆ ಮಂಡಿ ಏಳಾಕೆ ಬಿಡಲ್ಲ. ದೀಪಾವಳಿ ಕಳೆದ್ಮ್ಯಾಲೆ ಕೆಲ್ಸ ಬಿಡಾಣ ಅಂತಿದೀನಿ. ನಿಮ್ಮ ದೊಡ್ಡಮಗಳು ಅಂಬೆಗಾಲಿಡ್ತಿದ್ದಾಗಿಂದ ಈ ಮನೇಲಿ ದುಡ್ದಿದೀನಿ. ನೀವೇ ಹೇಳ್ತೀರಲ್ಲ, ಕೇಳ್ರಿ ಅಂತ. ತಿಂಗ್ಳಿಗೆ ಇಷ್ಟು ಅಂತ ನಂಗೂ ಏನಾನ ಮಾಡ್ರಿ."

ನಾನು ತಕ್ಷಣ, "ನಿಂದು ಬೇರೆ ಕಣೆ ಹನುಮಕ್ಕ" ಎಂದೆ. ಏನು ಬೇರೆ ಎಂದು ನನಗೂ ಗೊತ್ತಿರಲಿಲ್ಲ, ಆದರೆ ಬಾಯಿ ತಾನಾಗಿಯೇ ಹುಡುಕಿಕೊಂಡು ಹೋಯಿತು. "ನೀನು ನಮ್ಮೊಂದೇ ಮನೆ ಅಲ್ವಲ್ಲ, ನಾಕು ಮನೆ ಕೆಲ್ಸ ಮಾಡ್ದೋಳು. ಅಲ್ದೆ ಮಗಳ ಬಾಣಂತನ ಅಂತ ಮಾಡದಕೆರೆಗೆ ಹೋಗಿ ತಿಂಗಳುಗಟ್ಟಲೆ ಇದ್ದುಬಿಟ್ಟಿದ್ದೆ" ಎಂದೆ. ಅವಳು ನಿಂತಲ್ಲಿಂದ ಕದಲಲಿಲ್ಲ. ಇವರು ಪೇಪರಿನ ಹಿಂದಿನಿಂದ, "ಕಚೇರಿ ಕೆಲ್ಸ ಚೆನ್ನಾಗಿ ಕಲ್ತುಬಿಟ್ಟೆ ಕಣೆ" ಎಂದರು. ಬೇರೆ ದಾರಿ ಕಾಣದೆ, ಒಂದು ಅರ್ಜಿ ಕೊಡು ನೋಡಾಣ ಎಂದು ಹೇಳಿ ಒಳಗೆ ಬಂದುಬಿಟ್ಟೆ.

ಹನುಮಕ್ಕನಿಗೆ ಬರೆಯಲು ಬರುವುದಿಲ್ಲ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಇವರೇ ಅವಳ ಪರವಾಗಿ ಕೂತು ಬರೆದುಕೊಟ್ಟಿದ್ದಾರೆ. ದಿನಾಂಕವಿದೆ, 'ಮಾನ್ಯರೇ' ಇದೆ, ಹೆಬ್ಬೆಟ್ಟೂ ಇದೆ. ಎಷ್ಟು ಸಲ ಓದಿದರೂ ಒಂದು ತಪ್ಪು ಸಿಗುತ್ತಿಲ್ಲ. ಹನುಮಕ್ಕ ದಿನಾ ಬೆಳಗ್ಗೆ ಬಂದು ಪಾತ್ರೆ ತಿಕ್ಕಿ ಹೋಗುತ್ತಾಳೆ, ಏನೂ ಕೇಳುವುದಿಲ್ಲ. ದೀಪಾವಳಿ ಹತ್ತಿರ ಬಂದಿದೆ. ಅರ್ಜಿಯನ್ನು ನಾನು ಸಹಾನುಭೂತಿಯಿಂದ ಪರಿಶೀಲಿಸುತ್ತಿದ್ದೇನೆ.